ಅಮೆರಿಕದ ಹಳೇ ವಲಸಿಗ ಮನೆತನದ ವಂಶಾವಳಿ ಹುಡುಕೋದು ಹೇಗೆ? ಡೇನಿಯಲ್ ಬೂನ್ ಕುಟುಂಬ ಮುಂದಿಟ್ಕೊಂಡು ಒಂದು ಸಮಗ್ರ ಮಾರ್ಗದರ್ಶಿ

ಅಮೆರಿಕದಲ್ಲಿ ನೆಲೆ ನಿಂತಿರೋ ನಮ್ಮ ಕನ್ನಡದ ಮನೆಗಳಲ್ಲಿ ಈಗ ಅಲ್ಲಿಯವರನ್ನೇ ಮದ್ವೆ ಆಗೋದು ಸಾಮಾನ್ಯ ಆಗಿದೆ, ಅಳಿಯನೋ ಸೊಸೆನೋ ಕೆಂಟಕಿ ಅಥವಾ ಮಿಸೌರಿ ಕಡೆಯವರಾಗಿದ್ರೆ ಯಾವತ್ತೋ ಒಂದಿನ ಮಾತು ಬಂದೇ ಬರತ್ತೆ, "ನಮ್ಮ ಅಜ್ಜಿ ಹೇಳ್ತಿದ್ರು, ನಾವು ಡೇನಿಯಲ್ ಬೂನ್ ವಂಶದವರಂತೆ" ಅಂತ. ಡೇನಿಯಲ್ ಬೂನ್ ಅಂದ್ರೆ ಹದಿನೆಂಟನೇ ಶತಮಾನದಲ್ಲಿ ವಲಸಿಗರನ್ನ ಕೆಂಟಕಿ ಕಡೆ ಕರ್ಕೊಂಡು ಹೋದ ಹೆಸರುವಾಸಿ ಅಮೆರಿಕನ್ ಬೇಟೆಗಾರ. ಮೊಮ್ಮಗು ಸ್ಕೂಲಿಂದ ಫ್ಯಾಮಿಲಿ ಟ್ರೀ ಪ್ರಾಜೆಕ್ಟ್ ತಂದ್ರೆ ತಾಯಿ ಕಡೆದು ಹಾಸನದ ಹಳ್ಳಿಗೆ ಹೋಗತ್ತೆ, ತಂದೆ ಕಡೆದು ಪೆನ್ಸಿಲ್ವೇನಿಯಾಗೆ. ಹಾಸನದ ಕಡೆ ಹೇಗೋ ಫೋನ್ ಮಾಡಿ ಕೇಳ್ಬೋದು, ಆದ್ರೆ ಹದಿನೆಂಟನೇ ಶತಮಾನದ ಅಮೆರಿಕದ ಕುಟುಂಬನ ಎಲ್ಲಿಂದ ಶುರು ಮಾಡೋದು ಅನ್ನೋದೇ ತುಂಬಾ ಜನಕ್ಕೆ ಗೊತ್ತಾಗಲ್ಲ. ಅದಕ್ಕೇ ಇಷ್ಟು ಉದ್ದಕ್ಕೆ ಬರೀತಿದೀನಿ.

ಬೂನ್ ಕುಟುಂಬನೇ ಯಾಕೆ ಅಂದ್ರೆ, ಹಳೇ ವಲಸಿಗ ಕುಟುಂಬಕ್ಕೆ ಆಗಬಹುದಾದ ಎಲ್ಲ ತೊಡಕೂ ಇಲ್ಲಿದೆ. ಇಂಗ್ಲೆಂಡಿನ ಡೆವನ್‌ನಿಂದ ಪೆನ್ಸಿಲ್ವೇನಿಯಾ, ಅಲ್ಲಿಂದ ನಾರ್ತ್ ಕ್ಯಾರೊಲೈನಾ, ಕೆಂಟಕಿ, ಕೊನೆಗೆ ಸ್ಪೇನ್ ಆಳ್ವಿಕೇಲಿದ್ದ ಮಿಸೌರಿ. ಒಂದೇ ಹೆಸರು ತಲೆಮಾರು ತಲೆಮಾರಿಗೆ, ಸುಟ್ಟು ಹೋದ ದಾಖಲೆ, ಎರಡೆರಡು ಸಮಾಧಿ, ಊರ್ ತುಂಬಾ ದಂತಕಥೆ. ಇದೊಂದನ್ನ ಹೇಗೆ ಬಿಡಿಸೋದು ಅಂತ ತಿಳ್ಕೊಂಡ್ರೆ ನಿಮ್ಮ ಕುಟುಂಬಕ್ಕೂ ಅದೇ ದಾರಿ ನಡೆಯತ್ತೆ.

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ಈ ಕಾಲದ ಜನ ಜನನ ಪ್ರಮಾಣಪತ್ರದಲ್ಲಿ ಸಿಗಲ್ಲ, ಯಾಕಂದ್ರೆ ಅಂಥದ್ದು ಇರ್ಲೇ ಇಲ್ಲ. ರಾಜ್ಯದ ಮಟ್ಟದಲ್ಲಿ ಜನನ ಮರಣ ನೋಂದಣಿ ಸರಿಯಾಗಿ ಶುರು ಆಗಿದ್ದು ಪೆನ್ಸಿಲ್ವೇನಿಯಾದಲ್ಲಿ 1906ಕ್ಕೆ, ಮಿಸೌರಿಯಲ್ಲಿ 1910, ಕೆಂಟಕಿಯಲ್ಲಿ 1911, ನಾರ್ತ್ ಕ್ಯಾರೊಲೈನಾದಲ್ಲಿ 1913. ಅದಕ್ಕಿಂತ ಹಿಂದಿನವರು ಸಿಗೋದು ಎರಡು ಕಡೆ, ಜಮೀನಿನ ಕಾಗದದಲ್ಲಿ ಮತ್ತೆ ಹೆಂಡತಿಯ ತವರಿನವರ ಜೊತೆ. ಕೆಳಗೆ ಬರೋ ಹಂತಗಳೆಲ್ಲ ಸುತ್ತಿ ಸುತ್ತಿ ಇಲ್ಲಿಗೇ ಬರತ್ತೆ.

ಹಂತ 1: ಹೆಸರುವಾಸಿ ಅಜ್ಜನಿಂದ ಕೆಳಗೆ ಬರ್ಬೇಡಿ, ನಿಮ್ಮಿಂದ ಮೇಲೆ ಹೋಗಿ

ಡೇನಿಯಲ್ ಬೂನ್ ಹೆಸರು ಹಾಕಿ ಹುಡುಕಿ, ಅವನ ಹತ್ತು ಮಕ್ಕಳ ಪಟ್ಟಿ ತಗೊಂಡು, ಇದರಲ್ಲಿ ನಮ್ಮೋರು ಯಾರು ಅಂತ ಹೊಂದಿಸೋಕೆ ಹೋಗೋದನ್ನ ಮಾತ್ರ ಮಾಡ್ಬೇಡಿ. ಹಾಗೆ ಹೋದ್ರೆ ಮನಸ್ಸು ಬೇಕಾದ ಕಡೆಗೇ ವಾಲತ್ತೆ, ಎಲ್ಲೋ ಒಂದು ಹೆಸರು ಹೊಂದಿದ್ರೆ ಸಾಕು ಅನ್ಸತ್ತೆ. ಈಗ ಬದುಕಿರೋ ವ್ಯಕ್ತಿಯಿಂದ ಶುರು ಮಾಡಿ, ಅವರ ಅಪ್ಪ ಅಮ್ಮ, ಅಜ್ಜ ಅಜ್ಜಿ, ಹೀಗೆ ಒಂದೊಂದೇ ಮೆಟ್ಟಿಲು. ಪ್ರತಿ ಮೆಟ್ಟಿಲಲ್ಲೂ "ಇವರು ಇಂಥವರ ಮಗ ಅಥವಾ ಮಗಳು ಅಂತ ಯಾವ ಕಾಗದ ಹೇಳತ್ತೆ" ಅನ್ನೋದನ್ನ ಬರ್ಕೊಳ್ಳಿ, ಕಾಗದ ಇಲ್ದಿದ್ರೆ ಅಲ್ಲೇ ನಿಲ್ಲಿ.

1910ರ ಈಚೆಗೆ ತೀರ್ಕೊಂಡವರ ಮರಣ ಪ್ರಮಾಣಪತ್ರ ಇಲ್ಲಿ ಚಿನ್ನ ಇದ್ದಂಗೆ. ಅದರಲ್ಲಿ ತಂದೆ ತಾಯಿ ಹೆಸರು, ತಾಯಿಯ ತವರಿನ ಮನೆತನದ ಹೆಸರು, ಅವರು ಹುಟ್ಟಿದ ರಾಜ್ಯ ಬರ್ದಿರತ್ತೆ. 1915ರಲ್ಲಿ 80 ವರ್ಷಕ್ಕೆ ಸತ್ತ ಒಬ್ಬ ಅಜ್ಜಿಯ ಸರ್ಟಿಫಿಕೇಟು ನಿಮ್ಮನ್ನ ಒಂದೇ ಸಲ 1800ರ ಆಸುಪಾಸಿಗೆ ಕರ್ಕೊಂಡು ಹೋಗತ್ತೆ. ಮಿಸೌರಿ ರಾಜ್ಯದವರು 1910ರಿಂದ ಶುರುವಾಗೋ ಸರ್ಟಿಫಿಕೇಟುಗಳನ್ನ, 50 ವರ್ಷ ದಾಟಿದ್ದಷ್ಟನ್ನ, ಆನ್‌ಲೈನಲ್ಲಿ ಫ್ರೀಯಾಗಿ ಇಟ್ಟಿದಾರೆ. ಆದ್ರೆ ನೆನಪಿರ್ಲಿ, ಅಪ್ಪ ಅಮ್ಮನ ಹೆಸರು ಹೇಳಿದ್ದು ಸತ್ತವರಲ್ಲ, ಮಗನೋ ಅಳಿಯನೋ ಪಕ್ಕದ ಮನೆಯವರೋ. ಯಾರು ಹೇಳಿದ್ರು ಅನ್ನೋದೂ ಅದೇ ಕಾಗದದಲ್ಲಿರತ್ತೆ, ಅದನ್ನೂ ಬರ್ಕೊಳ್ಳಿ.

ಹಂತ 2: ಸೆನ್ಸಸ್ ಓದೋದು, ಮತ್ತೆ ಅದು ಕೈಕೊಡೋ ಜಾಗ

ಅಮೆರಿಕದಲ್ಲಿ 1790ರಿಂದ ಹತ್ತು ವರ್ಷಕ್ಕೊಂದ್ಸಲ ಜನಗಣತಿ ನಡೀತಿದೆ. 72 ವರ್ಷ ಆದ್ಮೇಲೆ ಹೆಸರು ಸಮೇತ ಬಿಡುಗಡೆ ಮಾಡ್ತಾರೆ, ಹಾಗಾಗಿ 1950ರದ್ದು 2022ರ ಏಪ್ರಿಲಲ್ಲಿ ಹೊರಬಂತು. 1950ರಿಂದ ಹಿಂದಕ್ಕೆ ಹೋಗ್ತಾ 1880ರ ತನಕ ಮನೆಯಲ್ಲಿರೋ ಪ್ರತಿಯೊಬ್ಬರ ಹೆಸರು, ಯಜಮಾನನಿಗೆ ಏನಾಗ್ಬೇಕು ಅನ್ನೋದು ಎಲ್ಲ ಇರತ್ತೆ. ಮಧ್ಯದಲ್ಲಿ 1890 ಇಲ್ಲ, ವಾಷಿಂಗ್ಟನ್‌ನಲ್ಲಿ 1921ರ ಬೆಂಕಿಯಿಂದಾಗಿ ಅದು ಹತ್ರಹತ್ರ ಪೂರ್ತಿ ಕಳ್ದುಹೋಯ್ತು. 1870, 1860, 1850ರಲ್ಲಿ ಹೆಸರು, ವಯಸ್ಸು, ಹುಟ್ಟಿದ ರಾಜ್ಯ ಇದೆ, ಸಂಬಂಧ ಇಲ್ಲ. ಒಂದೇ ಮನೇಲಿರೋ ಮಗು ಮಗನೇ ಆಗಿರ್ಬೇಕು ಅಂತೇನಿಲ್ಲ, ತೀರ್ಕೊಂಡ ತಮ್ಮನ ಮಗನೂ ಆಗಿರ್ಬೋದು.

1840 ಮತ್ತೆ ಅದಕ್ಕಿಂತ ಹಿಂದೆ ಹೋದ್ರೆ ಬರೀ ಯಜಮಾನನ ಹೆಸರು, ಉಳಿದವರೆಲ್ಲ ಇಷ್ಟು ವಯಸ್ಸಿನ ಗಂಡಸರು ಇಷ್ಟು ಜನ, ಹೆಂಗಸರು ಇಷ್ಟು ಜನ ಅಂತ ಸಂಖ್ಯೆ ಅಷ್ಟೇ. ಬೂನ್ ಕುಟುಂಬಕ್ಕೆ ಇದರ ಅರ್ಥ ಏನು ಅಂದ್ರೆ, ಡೇನಿಯಲ್‌ನ ಹತ್ತು ಮಕ್ಕಳಲ್ಲಿ 1850ರ ತನಕ ಬದುಕಿದ್ದವನು ಕೊನೇ ಮಗ ನೇಥನ್ ಒಬ್ಬನೇ. ಆತ 1781ರಲ್ಲಿ ಕೆಂಟಕಿಯಲ್ಲಿ ಹುಟ್ಟಿ 1856ರಲ್ಲಿ ಮಿಸೌರಿಯ ಆಶ್ ಗ್ರೋವ್‌ನಲ್ಲಿ ತೀರ್ಕೊಂಡ. ಅಂದ್ರೆ ಮನೆಯವರೆಲ್ಲರ ಹೆಸರು ಬರೆದ ಮೊದಲ ಸೆನ್ಸಸ್ ಬರೋ ಹೊತ್ತಿಗೆ ಮಿಕ್ಕ ಒಂಬತ್ತು ಮಕ್ಕಳೂ ಹೋಗಿದ್ರು. ಅಷ್ಟೇ ಅಲ್ಲ, ಕೆಂಟಕಿಯ 1790 ಮತ್ತೆ 1800ರ ಸೆನ್ಸಸ್ ಹಾಳೆಗಳು ಉಳಿದಿಲ್ಲ, ಮಿಸೌರಿಯ 1820ರದ್ದೂ ಇಲ್ಲ. ಆ ಕುಟುಂಬದ ಮುಖ್ಯ ವರ್ಷಗಳೇ ಗಣತಿಯಲ್ಲಿ ಖಾಲಿ. "ಕೆಂಟಕಿ 1790 ಸೆನ್ಸಸ್" ಅಂತ ಪುಸ್ತಕ ಸಿಗತ್ತೆ, ಅದು ತೆರಿಗೆ ಪಟ್ಟಿಗಳಿಂದ ಆಮೇಲೆ ಕೂಡಿಸಿ ಮಾಡಿದ್ದು, ಉಪಯೋಗ ಇದೆ, ಆದ್ರೆ ಅದು ಸೆನ್ಸಸ್ ಅಲ್ಲ ಅನ್ನೋದು ತಿಳ್ಕೊಂಡು ಬಳಸಿ.

ತೆರಿಗೆ ಪಟ್ಟಿನ ಕಡೆಗಣಿಸ್ಬೇಡಿ. ವರ್ಷ ವರ್ಷ ಮಾಡಿರೋ ಪಟ್ಟಿ ಅದು, ಹಾಗಾಗಿ ಹುಡುಗ 21 ದಾಟಿ ಸ್ವಂತ ಹೆಸರಲ್ಲಿ ಕಾಣಿಸ್ಕೊಂಡ ವರ್ಷದಿಂದ ಹುಟ್ಟಿದ ವರ್ಷ ಅಂದಾಜು ಮಾಡ್ಬೋದು, ಅಪ್ಪನ ಹೆಸರು ಹೋಗಿ ಅದೇ ಜಾಗದಲ್ಲಿ ವಿಧವೆ ಹೆಸರು ಬಂದ್ರೆ ಅವನು ತೀರ್ಕೊಂಡ ವರ್ಷ ಹತ್ರಹತ್ರ ಸಿಕ್ತು ಅಂತಲೇ ಲೆಕ್ಕ.

ಹಂತ 3: ಜಾಗ ಹಾಗೇ ಇರತ್ತೆ, ಕೌಂಟಿ ಬದಲಾಗತ್ತೆ

ಇದನ್ನ ಬಿಟ್ಟು ಮುಂದೆ ಹೋದ್ರೆ ತಿಂಗಳುಗಟ್ಟಲೆ ತಪ್ಪು ಆಫೀಸಿನ ರೆಕಾರ್ಡು ಹುಡುಕ್ತಾ ಕೂತಿರ್ತೀರಿ. ಕೌಂಟಿ ಅಂದ್ರೆ ರಾಜ್ಯದೊಳಗಿನ ನಮ್ಮ ಜಿಲ್ಲೆ ಥರದ ಭಾಗ. ಅಮೆರಿಕದಲ್ಲಿ ಜಮೀನು, ಮದ್ವೆ, ಉಯಿಲು ಎಲ್ಲ ಕೌಂಟಿ ಕಚೇರಿಯಲ್ಲಿ ದಾಖಲಾಗತ್ತೆ, ದಾಖಲಾದ ದಿನ ಆ ಜಾಗ ಯಾವ ಕೌಂಟಿಯಲ್ಲಿತ್ತೋ ಅಲ್ಲೇ ಆ ಪುಸ್ತಕ ಇರತ್ತೆ.

ಡೇನಿಯಲ್ ಹುಟ್ಟಿದ್ದು 1734ರಲ್ಲಿ, ಈಗಿನ ಬರ್ಕ್ಸ್ ಕೌಂಟಿಯಲ್ಲಿ, ರೆಡಿಂಗ್ ಊರಿನ ಹತ್ರ. ಆದ್ರೆ ಬರ್ಕ್ಸ್ ಕೌಂಟಿ ಆಗಿದ್ದು 1752ಕ್ಕೆ, ಅದಕ್ಕೆ ಮುಂಚೆ ಅದು ಫಿಲಡೆಲ್ಫಿಯಾ ಕೌಂಟಿ. 1750ರಲ್ಲಿ ಕುಟುಂಬ ಹೊರಟು ನಾರ್ತ್ ಕ್ಯಾರೊಲೈನಾದ ಯಾಡ್ಕಿನ್ ನದಿ ಕಣಿವೆಗೆ ಬಂತು, ಆಗ ಅದು ಆನ್ಸನ್ ಕೌಂಟಿ, 1753ರಿಂದ ರೋವನ್, 1836ರಿಂದ ಡೇವಿ. ಕೆಂಟಕಿ ಇನ್ನೂ ಸಿಕ್ಕು. 1775ರಲ್ಲಿ ಬೂನ್ಸ್‌ಬರೋ ಕೋಟೆ ಕಟ್ಟಿದಾಗ ಅದು ವರ್ಜೀನಿಯಾದ ಫಿನ್‌ಕ್ಯಾಸಲ್ ಕೌಂಟಿ, 1776ರ ಕೊನೆಗೆ ಕೆಂಟಕಿ ಕೌಂಟಿ, 1780ರಲ್ಲಿ ಅದು ಫಯೆಟ್, ಲಿಂಕನ್, ಜೆಫರ್ಸನ್ ಅಂತ ಮೂರಾಯ್ತು, 1792ರ ಜೂನ್ 1ಕ್ಕೆ ಬೇರೆ ರಾಜ್ಯ. ಒಂದೇ ಮನೇಲಿ ಕೂತಿದ್ದವನು ನಾಲ್ಕು ಕಡೆ ದಾಖಲಾಗಿರ್ತಾನೆ!

ಇದಕ್ಕೆ ಶಿಕಾಗೋದ ನ್ಯೂಬೆರಿ ಲೈಬ್ರರಿಯವರ ಹಳೇ ಕೌಂಟಿ ಗಡಿಗಳ ಅಟ್ಲಾಸ್ ಫ್ರೀಯಾಗಿ ಸಿಗತ್ತೆ, ದಿನಾಂಕ ಹಾಕಿದ್ರೆ ಅವತ್ತಿನ ಗಡಿ ತೋರ್ಸತ್ತೆ. ಒಂದು ಹಾಳೆ ಮೇಲೆ ಎಡಗಡೆ ವರ್ಷ, ಮಧ್ಯದಲ್ಲಿ ಜಾಗ, ಬಲಗಡೆ ಆ ವರ್ಷದ ಕೌಂಟಿ ಬರ್ಕೊಂಡು ಆಮೇಲೇ ಹುಡುಕೋಕೆ ಕೂತ್ಕೊಳ್ಳಿ. ಯಾವ ಕಚೇರಿ ಯಾವಾಗ ಸುಟ್ಟಿದೆ ಅನ್ನೋದನ್ನೂ ಅದರಲ್ಲೇ ಸೇರಿಸ್ಕೊಳ್ಳಿ. ಫಯೆಟ್ ಕೌಂಟಿ ಕ್ಲರ್ಕ್ ಆಫೀಸು 1803ರಲ್ಲಿ ಸುಟ್ಟಿತ್ತು, ಉಳಿದ ತುಂಡುಗಳನ್ನ ಆಮೇಲೆ ನಕಲು ಮಾಡಿಟ್ರು.

ಹಂತ 4: ಜಮೀನು

ಇಲ್ಲಿ ಸ್ವಲ್ಪ ನಿಧಾನ ಮಾಡಿ, ಏಕಂದ್ರೆ ಇದೇ ಬೆನ್ನೆಲುಬು. ಆ ಕಾಲದಲ್ಲಿ ಓದು ಬರಹ ಬರದವನ ಹೆಸರೂ ಜಮೀನಿನ ಕಾಗದದಲ್ಲಿ ಇರತ್ತೆ, ಜನ ಪಶ್ಚಿಮಕ್ಕೆ ಹೋಗಿದ್ದೇ ಜಮೀನಿಗೋಸ್ಕರ. ಆ ಜಮೀನು ಖಾಲಿ ಬಿದ್ದಿರ್ಲಿಲ್ಲ ಅನ್ನೋದೂ ಇದರ ಜೊತೇಲೇ ಹೇಳ್ಬೇಕು, ಶಾನಿ, ಚೆರೋಕೀ ಅನ್ನೋ ಮೂಲನಿವಾಸಿ ಜನರ ಬೇಟೆ ನೆಲ ಅದು. ಡೇನಿಯಲ್‌ನ ಹಿರೀ ಮಗ ಜೇಮ್ಸ್ 1773ರಲ್ಲಿ, ಎರಡನೇ ಮಗ ಇಸ್ರೇಲ್ 1782ರ ಬ್ಲೂ ಲಿಕ್ಸ್ ಕಾಳಗದಲ್ಲಿ ಸತ್ತಿದ್ದು ಅದೇ ನೆಲದ ಜಗಳದಲ್ಲಿ. ಡೇನಿಯಲ್ 1778ರಲ್ಲಿ ಶಾನಿಗಳ ಕೈಗೆ ಸಿಕ್ಕಿ, ಅವರ ನಾಯಕ ಬ್ಲ್ಯಾಕ್‌ಫಿಶ್ ಮನೆಗೆ ದತ್ತು ಮಗ ಆಗಿ ಕೆಲವು ತಿಂಗಳು ಅವರ ಜೊತೇಲೇ ಇದ್ದ.

ಮೊದ್ಲು ತಿಳ್ಕೋಬೇಕಾದ್ದು, ಅಮೆರಿಕದಲ್ಲಿ ಎರಡು ಥರ ರಾಜ್ಯ ಇದೆ. ಪೆನ್ಸಿಲ್ವೇನಿಯಾ, ವರ್ಜೀನಿಯಾ, ನಾರ್ತ್ ಕ್ಯಾರೊಲೈನಾ, ಕೆಂಟಕಿ ಇಲ್ಲೆಲ್ಲ ಜಮೀನು ಕೊಟ್ಟಿದ್ದು ಆಯಾ ಕಾಲೊನಿ ಅಥವಾ ರಾಜ್ಯ, ಹಾಗಾಗಿ ರಾಜ್ಯದ ಲ್ಯಾಂಡ್ ಆಫೀಸಲ್ಲೇ ಹುಡುಕ್ಬೇಕು. ಮಿಸೌರಿ ಥರದ ಕಡೆ ಕೇಂದ್ರ ಸರ್ಕಾರ ಕೊಟ್ಟಿದ್ದು, ಅದು ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ವೆಬ್‌ಸೈಟಲ್ಲಿ ಪಟ್ಟಾ ಸಮೇತ ಫ್ರೀ. ಕೆಂಟಕಿ ಪಟ್ಟಾಗೆ ಈ ಸೈಟಲ್ಲಿ ಹುಡುಕಿ ಏನೂ ಇಲ್ಲ ಅಂತ ಕೈಬಿಟ್ಟವರು ಬಹಳ ಜನ, ಅಲ್ಲಿ ಅದು ಇರೋದೇ ಇಲ್ಲ, ಕೆಂಟಕಿ ಸೆಕ್ರೆಟರಿ ಆಫ್ ಸ್ಟೇಟ್ ಅವರ ಲ್ಯಾಂಡ್ ಆಫೀಸ್ ಸೈಟಿಗೆ ಹೋಗ್ಬೇಕು.

ಕೆಂಟಕಿಯಲ್ಲಿ ಒಂದು ಜಮೀನಿಗೆ ನಾಲ್ಕು ಕಾಗದ. ಇಷ್ಟು ಎಕರೆ ತಗೋಬೋದು ಅನ್ನೋ ವಾರಂಟ್, ಇಂಥ ಹಳ್ಳದ ಹತ್ರ ಇಂಥ ಜಾಗ ನಂದು ಅನ್ನೋ ಎಂಟ್ರಿ, ಅಳತೆ ಮಾಡಿದ ಸರ್ವೆ, ಕೊನೆಗೆ ಗ್ರಾಂಟ್. ಬಹಳ ಜನ ಗ್ರಾಂಟ್ ಒಂದು ನೋಡಿ ಬಿಡ್ತಾರೆ. ನನ್ನ ಕೇಳಿದ್ರೆ ಸರ್ವೆನೇ ಮೊದ್ಲು ನೋಡಿ ಅಂತೀನಿ, ಯಾಕಂದ್ರೆ ಅದರ ಕೆಳಗೆ ಅಳತೆ ಸರಪಳಿ ಹಿಡಿದವರು ಯಾರು, ಗುರುತು ಹಾಕಿದವನು ಯಾರು ಅಂತ ಹೆಸರಿರತ್ತೆ, ಎಷ್ಟೋ ಸಲ ಅವರು ಮನೇ ಹುಡುಗರು, ಅಳಿಯ, ಭಾವಮೈದ. ಯಾವ ಕಾಗದದಲ್ಲೂ ಸಂಬಂಧ ಬರ್ದಿಲ್ದೇ ಇದ್ರೂ ಯಾರ ಸುತ್ತ ಯಾರಿದ್ರು ಅಂತ ಇಲ್ಲಿ ಗೊತ್ತಾಗತ್ತೆ. ಡೇನಿಯಲ್ ಸ್ವತಃ ಸರ್ವೆ ಕೆಲಸ ಮಾಡ್ತಿದ್ದ, ಹಾಗಾಗಿ ಅವನ ಹೆಸರು ಕಂಡ ಕಡೆಯೆಲ್ಲ ಅವನದ್ದೇ ಜಮೀನು ಅಂದ್ಕೋಬೇಡಿ.

ಅಳತೆ ಇರೋದು ಪೋಲ್ ಲೆಕ್ಕದಲ್ಲಿ, ಒಂದು ಪೋಲ್ ಅಂದ್ರೆ ಹದಿನಾರೂವರೆ ಅಡಿ. "ಬಿಳಿ ಓಕ್ ಮರದಿಂದ ಉತ್ತರಕ್ಕೆ 120 ಪೋಲ್, ಇಂಥವನ ಮೂಲೆಗೆ" ಅನ್ನೋ ಥರ ಇರತ್ತೆ. ಗ್ರಾಫ್ ಪೇಪರಲ್ಲಿ ಗೆರೆ ಎಳೀರಿ, ಪಕ್ಕದವರದ್ದೂ ಎಳೀರಿ, ಜೋಡಿಸಿ ನೋಡಿ. ಕೆಂಟಕಿಯಲ್ಲಿ ಒಂದರ ಮೇಲೊಂದು ಕ್ಲೇಮ್ ಬಿದ್ದು ಕೋರ್ಟಿಗೆ ಹೋಗಿರೋದೇ ಜಾಸ್ತಿ, ಡೇನಿಯಲ್ ಸಾವಿರಾರು ಎಕರೆ ಕ್ಲೇಮ್ ಮಾಡಿ ಕೊನೆಗೆ ಹೆಚ್ಚುಕಡಿಮೆ ಎಲ್ಲ ಕಳ್ಕೊಂಡಿದ್ದು ಇದರಿಂದಾನೇ. ಆತನಿಗೆ ಅದು ದುಃಖದ ವಿಷಯ, ವಂಶಾವಳಿ ಹುಡುಕೋರಿಗೆ ಮಾತ್ರ ಆ ಕೋರ್ಟ್ ಫೈಲುಗಳಲ್ಲಿ ಸಾಕ್ಷಿಗಳ ಹೇಳಿಕೆ ಸಿಗತ್ತೆ, ನನಗಿಷ್ಟು ವಯಸ್ಸು, ಇಂಥ ವರ್ಷ ಇಲ್ಲಿಗೆ ಬಂದೆ, ಜೊತೇಲಿ ಇಂಥವರಿದ್ರು ಅಂತ.

ಕ್ರಯಪತ್ರ ಓದುವಾಗ ಎರಡು ವಿಷಯ ನೋಡಿ. ಒಂದು, ಬೆಲೆ ತೀರಾ ಕಡಿಮೆ ಇದ್ರೆ ಒಳಗಿನವರ ವ್ಯವಹಾರ ಇರ್ಬೋದು. 1759ರಲ್ಲಿ ಅಪ್ಪ ಸ್ಕ್ವೈರ್ ಬೂನ್ ಯಾಡ್ಕಿನ್ ಕಣಿವೆಯ ಬೇರ್ ಕ್ರೀಕ್ ಹತ್ರದ 640 ಎಕರೆನ ಡೇನಿಯಲ್‌ಗೆ ಮಾರಿದ. ಎರಡು, ಹೆಂಡತಿ ತನ್ನ ಹಕ್ಕು ಬಿಟ್ಟುಕೊಟ್ಟಿದ್ದು. ಗಂಡ ತೀರ್ಕೊಂಡ ಮೇಲೆ ಅವನ ಜಮೀನಿನ ಮೂರನೇ ಒಂದು ಪಾಲಿನ ಮೇಲೆ ಹೆಂಡತಿಗೆ ಜೀವನಪರ್ಯಂತ ಹಕ್ಕಿತ್ತು, ಅದಕ್ಕೇ ಆತ ಮಾರುವಾಗ ಆಕೇನ ಬೇರೆಯಾಗಿ ಕೇಳಿ ಒಪ್ಪಿಗೆ ಬರ್ಕೊಳ್ತಿದ್ರು, ಹಾಗಾಗಿ ಬೇರೆಲ್ಲೂ ಕಾಣದ ಹೆಂಡತಿ ಹೆಸರು ಅಲ್ಲಿ ಸಿಗತ್ತೆ. 1770ರಲ್ಲಿ ಮೇರಿ, 1776ರಲ್ಲಿ ಎಲಿಜಬೆತ್ ಅಂತಿದ್ರೆ ಮಧ್ಯದಲ್ಲಿ ಎರಡನೇ ಮದ್ವೆ ಆಗಿರ್ಬೇಕು, ಯಾವ ಮಗು ಯಾವ ತಾಯಿದು ಅಂತ ವಿಂಗಡಿಸೋಕೆ ಇದೇ ಆಧಾರ.

ಮಿಸೌರಿ ಕಥೆ ಬೇರೆ. 1799ರಲ್ಲಿ ಡೇನಿಯಲ್ ಅಲ್ಲಿಗೆ ಹೋದಾಗ ಅದು ಸ್ಪೇನ್ ದೇಶದ್ದು, ಆತನಿಗೆ ಫೆಮ್ ಓಸೇಜ್ ಜಿಲ್ಲೆಯ ಸಿಂಡಿಕ್, ಅಂದ್ರೆ ಸ್ಥಳೀಯ ಆಡಳಿತ, ನ್ಯಾಯ ನೋಡ್ಕೊಳ್ಳೋ ಅಧಿಕಾರ ಕೊಟ್ರು, 1,000 ಆರ್ಪೆಂಟ್ ಜಮೀನೂ ಕೊಟ್ರು, ಅಂದ್ರೆ ಸುಮಾರು 850 ಎಕರೆ. 1803ರಲ್ಲಿ ಅಮೆರಿಕ ಆ ಪ್ರದೇಶ ಕೊಂಡ್ಕೊಂಡ ಮೇಲೆ ಆ ಪಟ್ಟಾ ಸರಿಯಿಲ್ಲ ಅಂತ ಕಮಿಷನ್ ತಳ್ಳಿಹಾಕ್ತು, ಮನವಿ ಹಾಕಿ ಹಾಕಿ 1814ರಲ್ಲಿ ಕಾಂಗ್ರೆಸ್ ವಾಪಸ್ ಮಂಜೂರು ಮಾಡ್ತು. ಇಂಥ ಮನವಿಗಳೆಲ್ಲ ಅಮೆರಿಕನ್ ಸ್ಟೇಟ್ ಪೇಪರ್ಸ್ ಅನ್ನೋ ಸರ್ಕಾರಿ ಸಂಪುಟಗಳಲ್ಲಿ ಅಚ್ಚಾಗಿದೆ, ಲೈಬ್ರರಿ ಆಫ್ ಕಾಂಗ್ರೆಸ್ ಸೈಟಲ್ಲಿ ಫ್ರೀಯಾಗಿ ಓದ್ಬೋದು. ನಿಮ್ಮ ಕುಟುಂಬ 1803ಕ್ಕೆ ಮುಂಚೆ ಮಿಸೌರಿ, ಲೂಸಿಯಾನಾ ಕಡೆ ಇದ್ರೆ ಇಲ್ಲಿ ನೋಡದೆ ಮುಗಿಸ್ಬೇಡಿ.

ಹಂತ 5: ಹೆಣ್ಣುಮಕ್ಕಳ ಜಾಡು ಹಿಡೀರಿ

ಯಾವ ಕುಟುಂಬನೂ ಒಂಟಿಯಾಗಿ ಕಾಡಿಗೆ ಹೊರಡಲಿಲ್ಲ. ಬೂನ್‌ಗಳ ಜೊತೆ ಬ್ರಯನ್ ಮನೆತನ ಇತ್ತು. ಡೇನಿಯಲ್ 1756ರ ಆಗಸ್ಟ್ 14ಕ್ಕೆ ರೆಬೆಕಾ ಬ್ರಯನ್‌ನ ಮದ್ವೆ ಆದ. ಅವನ ತಮ್ಮ ಎಡ್ವರ್ಡ್, ರೆಬೆಕಾ ಒಡಹುಟ್ಟಿದ ಮಾರ್ಥಾನ ಮದ್ವೆ ಆದ, ಅಕ್ಕತಂಗೀರೇ ಓರಗಿತ್ತಿಯರಾದ್ರು. ಡೇನಿಯಲ್‌ನ ತಂಗಿ ಮೇರಿ, ರೆಬೆಕಾಳ ಚಿಕ್ಕಪ್ಪ ವಿಲಿಯಂ ಬ್ರಯನ್‌ನ ಮದ್ವೆ ಆದ್ಲು. ಮುಂದೆ ಕೆಂಟಕಿಯಲ್ಲಿ ಬೂನ್ಸ್‌ಬರೋ ಆದ್ಮೇಲೆ ಬ್ರಯನ್ಸ್ ಸ್ಟೇಷನ್ ಅನ್ನೋ ಕೋಟೆ ಎದ್ದಿದ್ದು ಇದೇ ಬ್ರಯನ್‌ಗಳಿಂದ. ಆಮೇಲೆ ಮಗಳು ಜೆಮೈಮಾ ಫ್ಲಾಂಡರ್ಸ್ ಕ್ಯಾಲವೇ ಜೊತೆ, ಗಂಡುಮಕ್ಕಳಲ್ಲಿ ಜೆಸ್ಸಿ ಕ್ಲೋಯಿ ವ್ಯಾನ್ ಬಿಬರ್ ಜೊತೆ, ನೇಥನ್ ಆಲಿವ್ ವ್ಯಾನ್ ಬಿಬರ್ ಜೊತೆ. ಮಿಸೌರಿಗೆ ಹೋದವರ ಪಟ್ಟಿ ನೋಡಿದ್ರೆ ಇದೇ ಹೆಸರುಗಳೇ ಮತ್ತೆ ಮತ್ತೆ.

ಹಾಗಾಗಿ ನಿಮ್ಮ ಅಜ್ಜನ ಹಿಂದಿನ ಊರು ಗೊತ್ತಾಗ್ತಿಲ್ಲ ಅಂದ್ರೆ, ಅವನನ್ನ ಬಿಟ್ಟು ಅವನ ಅಕ್ಕಪಕ್ಕದ ಮೂರ್ನಾಲ್ಕು ಮನೆಯವರನ್ನ, ಮದ್ವೆಗೆ ಜಾಮೀನು ನಿಂತವನನ್ನ, ಉಯಿಲಿಗೆ ಸಾಕ್ಷಿ ಹಾಕಿದವರನ್ನ ಹಿಂಬಾಲಿಸಿ. ಮದ್ವೆಗೆ ಕಾನೂನಿನ ಅಡ್ಡಿ ಇಲ್ಲ ಅಂತ ಬರ್ಕೊಡೋ ಮದ್ವೆ ಬಾಂಡಿಗೆ ಜಾಮೀನು ನಿಲ್ತಿದ್ದವನು ಸಾಮಾನ್ಯವಾಗಿ ಹುಡುಗಿಯ ಅಪ್ಪ ಅಥವಾ ಅಣ್ಣ. ಅವರ ಹಿಂದಿನ ಊರು ಸಿಕ್ಕಿದ್ರೆ ನಿಮ್ಮವರದ್ದೂ ಹೆಚ್ಚಾಗಿ ಅಲ್ಲೇ ಇರತ್ತೆ. ಆನ್‌ಲೈನಲ್ಲಿ ಸಿಗೋ ವಂಶವೃಕ್ಷದ ಮರಗಳಲ್ಲಿ ಗಂಡಸರ ಸಾಲು ಉದ್ದಕ್ಕೂ ತುಂಬಿಸಿ ಹೆಂಗಸರ ಜಾಗದಲ್ಲಿ ಬರೀ "ಮೇರಿ" ಅಂತ ಬಿಟ್ಟಿರೋದು ನೋಡಿದ್ರೆ ನನಗೆ ನಿಜವಾಗ್ಲೂ ಬೇಜಾರಾಗತ್ತೆ, ದಾರಿ ಇದ್ದಿದ್ದೇ ಅಲ್ಲಿ.

ಉಯಿಲು ಓದುವಾಗ ಎಚ್ಚರ. ಉಯಿಲಲ್ಲಿ ಹೆಸರಿಲ್ಲ ಅಂದ ಮಾತ್ರಕ್ಕೆ ಮಗ ಅಲ್ಲ ಅಂತಲ್ಲ. ವರ್ಜೀನಿಯಾದಲ್ಲಿ 1785ರ ಕಾನೂನು ಬದಲಾಯಿಸೋ ತನಕ ಉಯಿಲಲ್ಲಿ ಹೇಳದ ಜಮೀನು ನೇರ ಹಿರೀ ಮಗನಿಗೆ ಹೋಗ್ತಿತ್ತು, ಹಾಗಾಗಿ ಅವನ ಹೆಸರು ಬರೀದೇ ಇರೋದೂ ಇತ್ತು. ಅಪ್ಪ ತೀರ್ಕೊಂಡಿದ್ರೆ, ತಾಯಿ ಬದುಕಿದ್ರೂ, ಮಕ್ಕಳನ್ನ ಅನಾಥರು ಅಂತ ಬರೀತಿದ್ರು, ಗಾರ್ಡಿಯನ್ ನೇಮಿಸ್ತಿದ್ರು.

ಹಂತ 6: ಚರ್ಚಿನ ದಾಖಲೆ ಮತ್ತೆ ಹಳೇ ಕ್ಯಾಲೆಂಡರ್

ನಿಮ್ಮ ಕುಟುಂಬ ಕ್ವೇಕರ್ ಅನ್ನೋ ಕ್ರೈಸ್ತ ಪಂಥದ್ದಾಗಿದ್ರೆ ಅದೃಷ್ಟ. ಹುಟ್ಟು, ಮದ್ವೆ, ಊರು ಬಿಟ್ಟಿದ್ದು, ತಪ್ಪು ಮಾಡಿದ್ದು ಎಲ್ಲ ಬರ್ದಿಡ್ತಿದ್ರು. ಡೇನಿಯಲ್‌ನ ಅಪ್ಪ ಸ್ಕ್ವೈರ್ ಡೆವನ್‌ನ ಬ್ರಾಡ್‌ನಿಂಚ್ ಊರಿನವನು, 1720ರಲ್ಲಿ ಪೆನ್ಸಿಲ್ವೇನಿಯಾದ ಗ್ವಿನೆಡ್ ಮೀಟಿಂಗ್‌ನಲ್ಲಿ (ಮೀಟಿಂಗ್ ಅಂದ್ರೆ ಕ್ವೇಕರ್‌ಗಳ ಸ್ಥಳೀಯ ಸಭೆ) ವೇಲ್ಸ್ ಮೂಲದ ಸಾರಾ ಮಾರ್ಗನ್ ಜೊತೆ ಮದ್ವೆ, ಹನ್ನೊಂದು ಮಕ್ಕಳು, ಡೇನಿಯಲ್ ಆರನೆಯವನು. ಹಿರೀ ಮಗಳು, ಆಮೇಲೆ ಮಗ ಇಸ್ರೇಲ್, ಪಂಥದ ಹೊರಗೆ ಮದ್ವೆ ಆದ್ರು ಅಂತ ಮೀಟಿಂಗ್ ಸ್ಕ್ವೈರ್‌ನ ಪ್ರಶ್ನೆ ಮಾಡ್ತು, ಎರಡನೇ ಸಲ ಆತ ತಪ್ಪೊಪ್ಪಿಕೊಳ್ಳಲ್ಲ ಅಂದ, 1748ರಲ್ಲಿ ಆತನನ್ನ ಹೊರಗೆ ಹಾಕಿದ್ರು. ಎರಡು ವರ್ಷದಲ್ಲಿ ಕುಟುಂಬ ಊರೇ ಬಿಟ್ತು. ಈ ದಾಖಲೆಗಳ ದೊಡ್ಡ ಸಂಗ್ರಹ ಸ್ವಾರ್ತ್‌ಮೋರ್ ಮತ್ತು ಹ್ಯಾವರ್‌ಫರ್ಡ್ ಕಾಲೇಜುಗಳಲ್ಲಿದೆ.

ದಿನಾಂಕ ಬರ್ಕೊಳ್ಳೋವಾಗ ಹುಷಾರು. ಬ್ರಿಟಿಷ್ ಕಾಲೊನಿಗಳಲ್ಲಿ 1752ರ ತನಕ ಹೊಸ ವರ್ಷ ಶುರುವಾಗ್ತಿದ್ದುದು ಮಾರ್ಚ್ 25ಕ್ಕೆ, ಕ್ವೇಕರ್‌ಗಳು ತಿಂಗಳಿಗೆ ಹೆಸರು ಬರೀದೇ ನಂಬರ್ ಬರೀತಿದ್ರು, ಮಾರ್ಚೇ ಮೊದಲ ತಿಂಗಳು. ಡೇನಿಯಲ್ ಹುಟ್ಟಿದ್ದು 1734ರ ಎಂಟನೇ ತಿಂಗಳ 22, ಅಂದ್ರೆ ಆಗಸ್ಟ್ ಅಲ್ಲ, ಅಕ್ಟೋಬರ್. ಅದನ್ನ ಈಗಿನ ಕ್ಯಾಲೆಂಡರಿಗೆ ತಂದ್ರೆ 11 ದಿನ ಸೇರಿ ನವೆಂಬರ್ 2. ಪುಸ್ತಕಗಳಲ್ಲಿ ಎರಡೂ ದಿನಾಂಕ ಕಾಣತ್ತೆ, ಎರಡೂ ಸರಿ. ನೀವು ಬರ್ಕೊಳ್ಳೋವಾಗ ದಾಖಲೆಯಲ್ಲಿ ಇದ್ದಂಗೇ ಮೊದ್ಲು ಬರೀರಿ, ಬದಲಾಯಿಸಿದ್ದು ಪಕ್ಕದಲ್ಲಿರ್ಲಿ.

ಹಂತ 7: ಒಂದೇ ಹೆಸರಿನವರನ್ನ ಬೇರೆ ಮಾಡೋದು

ಅಪ್ಪ ಸ್ಕ್ವೈರ್, ತಮ್ಮನೂ ಸ್ಕ್ವೈರ್. ಅಣ್ಣ ಇಸ್ರೇಲ್, ಮಗನೂ ಇಸ್ರೇಲ್. ಜಾರ್ಜ್‌ಗಳಂತೂ ಲೆಕ್ಕವೇ ಇಲ್ಲ. ಸೀನಿಯರ್ ಜೂನಿಯರ್ ಅಂತ ಕಂಡ್ರೆ ಅಪ್ಪ ಮಗ ಅಂತ ತೀರ್ಮಾನ ಮಾಡ್ಬೇಡಿ, ಆ ಕಾಲದಲ್ಲಿ ಒಂದೇ ಊರಲ್ಲಿ ಒಂದೇ ಹೆಸರಿನ ದೊಡ್ಡವನು ಚಿಕ್ಕವನು ಅಂತ ಅಷ್ಟೇ, ದೊಡ್ಡಪ್ಪ ಮತ್ತೆ ತಮ್ಮನ ಮಗ ಆಗಿರ್ಬೋದು, ಸಂಬಂಧವೇ ಇಲ್ದಿರ್ಬೋದು, ದೊಡ್ಡವನು ಸತ್ತ ಮೇಲೆ ಜೂನಿಯರ್ ಇದ್ದವನೇ ಸೀನಿಯರ್ ಆಗ್ಬೋದು. ಸ್ಪೆಲ್ಲಿಂಗ್ ಕೂಡ ನಂಬೋ ಹಾಗಿಲ್ಲ, ಬೂನ್ ಹೆಸರನ್ನೇ ಗುಮಾಸ್ತರು ಕೊನೇ ಅಕ್ಷರ ಸೇರಿಸಿಯೂ ಬಿಟ್ಟೂ ಬರ್ದಿದಾರೆ, ಬೋನ್ ಅಂತ ಓದೋ ಹಾಗೂ ಬರ್ದಿದಾರೆ, ಎಲ್ಲ ರೂಪದಲ್ಲೂ ಹುಡುಕಿ.

ಪ್ರತಿ ಹೆಸರಿಗೂ ಒಂದೊಂದು ಟೈಮ್‌ಲೈನ್ ಶೀಟ್ ಮಾಡಿ, ವರ್ಷ, ಜಾಗ, ಹೆಂಡತಿ, ಪಕ್ಕದ ಜಮೀನಿನವರು. ಒಂದೇ ವಾರದಲ್ಲಿ ಎರಡು ಕಡೆ ಸಹಿ ಹಾಕಿದ್ರೆ ಅವರು ಇಬ್ಬರು. ಇಷ್ಟೇ.

ಹಂತ 8: ಕುಟುಂಬದ ಕಥೆ, ಸಮಾಧಿ ಕಲ್ಲು, ಹಳೇ ಸಂದರ್ಶನ

ಬೂನ್ ಬಗ್ಗೆ ಒಳ್ಳೇ ಸುದ್ದಿ ಏನು ಅಂದ್ರೆ, ಲೈಮನ್ ಡ್ರೇಪರ್ ಅನ್ನೋ ಸಂಗ್ರಾಹಕ 1851ರಲ್ಲಿ ಮಿಸೌರಿಗೆ ಹೋಗಿ ನೇಥನ್ ಮತ್ತೆ ಆಲಿವ್ ಇಬ್ಬರನ್ನೂ ಕೂರಿಸಿ ಕೇಳಿ ಬರ್ಕೊಂಡ. ವಿಸ್ಕಾನ್ಸಿನ್ ಹಿಸ್ಟಾರಿಕಲ್ ಸೊಸೈಟಿಯಲ್ಲಿ ಡ್ರೇಪರ್ ಸಂಗ್ರಹ ನೂರಾರು ಸಂಪುಟ ಇದೆ, ಕೆಂಟಕಿ, ಟೆನೆಸಿ, ಒಹಾಯೋ ಕಡೆ ಹಳೇ ಕುಟುಂಬ ಇರೋರೆಲ್ಲ ಒಮ್ಮೆ ನೋಡ್ಲೇಬೇಕು, ಮೈಕ್ರೋಫಿಲ್ಮ್ ತುಂಬಾ ಲೈಬ್ರರಿಗಳಲ್ಲಿದೆ. ಆದ್ರೆ 70 ವರ್ಷದ ಮಗ ತಾನು ಹುಟ್ಟೋಕೆ ಮುಂಚಿನ ವಿಷಯ ಹೇಳಿದ್ರೆ ಅದು ಕೇಳಿದ ಮಾತು, ಕಣ್ಣಾರೆ ಕಂಡಿದ್ದು ಹೇಳಿದ್ರೆ ಬೇರೆ ತೂಕ. ಒಂದೇ ಪುಟದಲ್ಲಿ ಎರಡೂ ಇರತ್ತೆ, ಬೇರೆ ಬೇರೆ ಮಾಡಿ ಬರ್ಕೊಳ್ಳಿ.

ಸಮಾಧಿ ಕಲ್ಲೂ ಹಾಗೇ. ರೆಬೆಕಾ 1813ರಲ್ಲಿ, ಡೇನಿಯಲ್ 1820ರ ಸೆಪ್ಟೆಂಬರ್ 26ಕ್ಕೆ ತೀರ್ಕೊಂಡ್ರು, ಮಿಸೌರಿಯ ಮಾರ್ಥಾಸ್‌ವಿಲ್ ಹತ್ರ ಹೂಳಿದ್ರು. 1845ರಲ್ಲಿ ಅಸ್ಥಿಗಳನ್ನ ತೆಗೆದು ಕೆಂಟಕಿಯ ಫ್ರಾಂಕ್‌ಫರ್ಟ್‌ಗೆ ಒಯ್ದ್ರು, ಆಮೇಲೆ ಅಲ್ಲಿ ದೊಡ್ಡ ಸ್ಮಾರಕ ಕಟ್ಟಿದ್ರು, ತೆಗೆದಿದ್ದು ಬೇರೆಯವರದ್ದು ಅಂತ ಮಿಸೌರಿಯವರು ಇವತ್ತಿಗೂ ಹೇಳ್ತಾರೆ. ಫೈಂಡ್ ಎ ಗ್ರೇವ್ ಸೈಟಲ್ಲಿ ಫೋಟೋ ಇದೆ ಅಂದ ಮಾತ್ರಕ್ಕೆ ಆ ಕಲ್ಲು ಆ ಕಾಲದ್ದೇ ಅಂತಲ್ಲ. ಅಕ್ಷರದ ಶೈಲಿ, ಕಲ್ಲಿನ ಜಾತಿ ನೋಡಿ, ನೂರು ವರ್ಷ ಆದ್ಮೇಲೆ ಮೊಮ್ಮಕ್ಕಳು ಹಾಕಿಸಿದ ಕಲ್ಲುಗಳು ಬೇಕಾದಷ್ಟಿವೆ.

ಡಾಟರ್ಸ್ ಆಫ್ ದಿ ಅಮೆರಿಕನ್ ರೆವಲ್ಯೂಷನ್ ಅನ್ನೋ, ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ನೆರವಾದವರ ವಂಶದ ಹೆಂಗಸರ ಸಂಸ್ಥೆ 1890ರಿಂದ ಸದಸ್ಯರ ವಂಶಾವಳಿ ಅರ್ಜಿಗಳನ್ನ ಇಟ್ಕೊಂಡಿದೆ, ಸುಳಿವಿಗೆ ತುಂಬಾ ಒಳ್ಳೇದು. ಶುರುವಿನ ವರ್ಷಗಳ ಅರ್ಜಿಗಳಲ್ಲಿ ಪುರಾವೆ ಕಡಿಮೆ, ಈಗಿನವು ಗಟ್ಟಿ.

ಹಂತ 9: ಡಿಎನ್ಎ ಎಲ್ಲಿ ಉಪಯೋಗ, ಎಲ್ಲಿ ಇಲ್ಲ

ವೈ ಡಿಎನ್ಎ ಅಪ್ಪನಿಂದ ಮಗನಿಗೆ ಮಾತ್ರ ಹೋಗತ್ತೆ. ಡೇನಿಯಲ್‌ನ ಗಂಡುಮಕ್ಕಳಲ್ಲಿ ಜೇಮ್ಸ್ ಹದಿನಾರಕ್ಕೆ, ಇಸ್ರೇಲ್ ಇಪ್ಪತ್ಮೂರಕ್ಕೆ ಮದ್ವೆ ಇಲ್ಲದೆ ಸತ್ರು, ವಿಲಿಯಂ ಕೂಸಾಗಿದ್ದಾಗಲೇ ಹೋಯ್ತು. ಉಳಿದವರು ಡೇನಿಯಲ್ ಮಾರ್ಗನ್, ಜೆಸ್ಸಿ, ನೇಥನ್. ಬೂನ್ ಅನ್ನೋ ಹೆಸರು ಅಪ್ಪನ ಸಾಲಲ್ಲೇ ಬಂದು, ತಾನು ಡೇನಿಯಲ್ ವಂಶ ಅನ್ನೋರು ಈ ಮೂವರಲ್ಲಿ ಒಬ್ಬನಿಗೆ ಸೇರ್ಲೇಬೇಕು. ಸೇರಲಿಲ್ಲ ಅಂದ್ರೆ ಅವನ ಅಣ್ಣತಮ್ಮಂದಿರ ಅಥವಾ ಚಿಕ್ಕಪ್ಪಂದಿರ ಸಾಲು ನೋಡಿ, ಇಲ್ಲಾ ಬೇರೆಯೇ ಬೂನ್ ಇರ್ಬೋದು.

ಇನ್ನೊಂದು ವಿಷಯ. ಡೇನಿಯಲ್ ಬಹಳ ದಿನ ಬೇಟೆಗೆ ಹೋಗಿದ್ದಾಗ ಹುಟ್ಟಿದ ಒಂದು ಮಗು ಅವನ ಸಹೋದರನದ್ದು ಅನ್ನೋ ಕಥೆ ಇದೆ, ಹೆಚ್ಚಾಗಿ 1762ರಲ್ಲಿ ಹುಟ್ಟಿದ ಜೆಮೈಮಾ ಹೆಸರು ಹೇಳ್ತಾರೆ. ಡಿಎನ್ಎ ಮಾಡ್ಸಿದ್ರೆ ಗೊತ್ತಾಗಲ್ವಾ ಅಂತ ಕೇಳ್ತಾರೆ. ಗೊತ್ತಾಗಲ್ಲ, ಮಗಳಿಗೆ ವೈ ಹೋಗೋದೇ ಇಲ್ಲ, ಮಗ ಆಗಿದ್ರೂ ಅಣ್ಣತಮ್ಮಂದಿರಿಬ್ಬರದ್ದೂ ಒಂದೇ ವೈ. ಎಂಜಲು ಕೊಟ್ಟು ಮಾಡ್ಸೋ ಸಾಮಾನ್ಯ ಆಟೋಸೋಮಲ್ ಟೆಸ್ಟಲ್ಲಿ (ಅಪ್ಪ ಅಮ್ಮ ಇಬ್ಬರ ಕಡೆಯಿಂದ್ಲೂ ಬಂದ ಡಿಎನ್ಎ ನೋಡೋದು) ಎಂಟು ತಲೆಮಾರು ಹಿಂದಿನ ಒಬ್ಬ ಅಜ್ಜನಿಂದ ಬಂದ ಪಾಲು ಸರಾಸರಿ ಅರ್ಧ ಪರ್ಸೆಂಟಿಗಿಂತ ಕಡಿಮೆ, ಏನೂ ಬಂದಿಲ್ದೇನೂ ಇರ್ಬೋದು. ಅದು ನಾಲ್ಕೈದು ತಲೆಮಾರಿನೊಳಗೆ ಕೆಲಸ ಮಾಡೋ ಸಾಧನ, ಅಲ್ಲಿ ಬಳಸಿ.

ಹಂತ 10: ಮನೆಯಲ್ಲಿದ್ದ ಎಲ್ಲರನ್ನೂ ಬರ್ಕೊಳ್ಳಿ

1780ರ ದಶಕದ ಕೊನೆಗೆ, ಲೈಮ್‌ಸ್ಟೋನ್ ಅನ್ನೋ ಊರಲ್ಲಿ ವ್ಯಾಪಾರ ಮಾಡ್ತಿದ್ದಾಗ, ಡೇನಿಯಲ್ ಹತ್ರ ಗುಲಾಮರಾಗಿದ್ದ ಏಳು ಜನ ಇದ್ರು ಅಂತ ತೆರಿಗೆ ದಾಖಲೆ ಹೇಳತ್ತೆ. 1850, 1860ರ ಗುಲಾಮರ ಪಟ್ಟಿಗಳಲ್ಲಿ ಸಾಮಾನ್ಯವಾಗಿ ವಯಸ್ಸು, ಲಿಂಗ ಮಾತ್ರ, ಹೆಸರಿಲ್ಲ, ಮಾಲೀಕನ ಹೆಸರಿನ ಕೆಳಗೆ. ಬಿಡುಗಡೆ ಆದ್ಮೇಲೆ 1870ರ ಸೆನ್ಸಸ್‌ನಲ್ಲೇ ಅವರಲ್ಲಿ ಬಹುಪಾಲು ಜನ ಮೊದಲ ಸಲ ಸ್ವಂತ ಹೆಸರಲ್ಲಿ ಕಾಣೋದು. ಅವರ ವಂಶದವರು ಹುಡುಕ್ತಾ ಬಂದಾಗ 1870ರ ಗೋಡೆ ದಾಟೋಕೆ ಇರೋ ದಾರಿ ಮಾಲೀಕರ ಉಯಿಲು, ಆಸ್ತಿ ಪಟ್ಟಿ, ಕ್ರಯಪತ್ರ, ಅಂದ್ರೆ ನೀವು ಈಗ ಕೈಯಲ್ಲಿ ಹಿಡಿದಿರೋ ಕಾಗದಗಳೇ. ಹಾಗಾಗಿ ಆ ಹೆಸರುಗಳನ್ನ ಹಾರಿಸ್ಬೇಡಿ, ಹೆಸರು, ವಯಸ್ಸು, ಯಾರಿಗೆ ಹೋದ್ರು, ಯಾವ ಪುಸ್ತಕ, ಯಾವ ಪುಟ ಅಂತ ಬರೆದು ಹಾಕಿ. ನಿಮಗೆ ಹತ್ತು ನಿಮಿಷದ ಕೆಲಸ, ಇನ್ನೊಬ್ಬರಿಗೆ ಅದು ಇಡೀ ಅಜ್ಜಿ ಮನೆ.

ಹಂತ 11: ಎಲ್ಲಿ ಹುಡುಕೋದು, ಹೇಗೆ ಇಡೋದು

ಮೊದ್ಲು ಫ್ಯಾಮಿಲಿಸರ್ಚ್ ಅನ್ನೋ ವೆಬ್‌ಸೈಟ್, ಫ್ರೀ, ಕೌಂಟಿ ಪುಸ್ತಕಗಳ ಫೋಟೋ ಅಲ್ಲೇ ಜಾಸ್ತಿ ಇರೋದು. ಹೆಸರು ಹಾಕಿ ಹುಡುಕಿದಾಗ ಬರದೇ ಇರೋದು ಬೇಕಾದಷ್ಟಿದೆ, ಕ್ಯಾಟಲಾಗ್‌ಗೆ ಹೋಗಿ ಕೌಂಟಿ ಹೆಸರು ಹಾಕಿ ಪುಸ್ತಕನೇ ತೆಗೆದು ಪುಟ ತಿರುಗಿಸಿ ಓದಿ. ಆನ್ಸೆಸ್ಟ್ರಿ ಅನ್ನೋ ಸೈಟಿಗೆ ದುಡ್ಡು ಕಟ್ಬೇಕು, ಅಮೆರಿಕದ ಬಹಳ ಪಬ್ಲಿಕ್ ಲೈಬ್ರರಿಗಳಲ್ಲಿ ಕೂತು ಫ್ರೀಯಾಗಿ ನೋಡ್ಬೋದು. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಪೆನ್ಷನ್ ಫೈಲುಗಳು ನ್ಯಾಷನಲ್ ಆರ್ಕೈವ್ಸ್‌ದು, ವಿಧವೆಯರ ಅರ್ಜಿ ಇದ್ರೆ ಮದ್ವೆ ದಿನಾಂಕ, ಮಕ್ಕಳ ಹೆಸರು, ಕೆಲವೊಮ್ಮೆ ಮನೇ ಬೈಬಲಿಂದ ಹರಿದು ಕೊಟ್ಟ ಹಾಳೆ ಕೂಡ ಅದರೊಳಗೇ ಇರತ್ತೆ. ಹಳೇ ಪತ್ರಿಕೆಗಳಿಗೆ ಲೈಬ್ರರಿ ಆಫ್ ಕಾಂಗ್ರೆಸ್‌ನ ಕ್ರಾನಿಕ್ಲಿಂಗ್ ಅಮೆರಿಕಾ.

ಬೇರೆಯವರು ಹಾಕಿದ ಮರಗಳನ್ನ ಸುಳಿವಾಗಿ ಮಾತ್ರ ತಗೊಳ್ಳಿ. ಐವತ್ತು ಮರದಲ್ಲಿ ಒಂದೇ ತಾಯಿ ಹೆಸರಿದ್ರೆ ಅದು ಐವತ್ತು ಸಾಕ್ಷಿ ಅಲ್ಲ, ಒಬ್ಬರು ಬರ್ದಿದ್ದನ್ನ ನಲವತ್ತೊಂಬತ್ತು ಜನ ಕಾಪಿ ಹೊಡೆದಿರೋದು. ರೆಬೆಕಾಳ ಅಪ್ಪ ಜೋಸೆಫ್ ಬ್ರಯನ್, ಆದ್ರೆ ಆಕೆಯ ತಾಯಿ ಯಾರು ಅನ್ನೋದಕ್ಕೆ ಮರಗಳಲ್ಲಿ ಒಂದಕ್ಕಿಂತ ಹೆಚ್ಚು ಹೆಸರು ಓಡಾಡ್ತಿದೆ, ಆ ಖಾನೆಯಲ್ಲಿ "ವಿವಾದ ಇದೆ" ಅಂತ ಬರೆದು ಎರಡೂ ಕಡೆಯ ಆಧಾರ ಕೆಳಗೆ ಹಾಕೋದೇ ಪ್ರಾಮಾಣಿಕ ಕೆಲಸ.

ಪ್ರತಿ ಫೋಟೋ ಸೇವ್ ಮಾಡುವಾಗ ಫೈಲ್ ಹೆಸರಲ್ಲೇ ವರ್ಷ, ಕೌಂಟಿ, ಪುಸ್ತಕ, ಪುಟ ಇರ್ಲಿ. ಹುಡುಕಿ ಸಿಗದೇ ಇದ್ದಿದ್ದನ್ನೂ ಬರ್ಕೊಳ್ಳಿ, ಇಲ್ಲಾಂದ್ರೆ ಮುಂದಿನ ವರ್ಷ ಅದೇ ಪುಸ್ತಕ ಮತ್ತೆ ತಿರುವಿ ಹಾಕ್ತೀರಿ. ಆನ್‌ಲೈನಿಗೆ ಹಾಕೋ ಮುಂಚೆ ಬದುಕಿರೋರ ಹೆಸರು, ಹುಟ್ಟಿದ ದಿನ ಪ್ರೈವೇಟ್ ಮಾಡಿ, ಅದರಲ್ಲೂ ಮಕ್ಕಳದ್ದು. ಸ್ಕೂಲಿಗೆ ಕೊಡೋ ಹಾಳೇಲಿ ತಾಯಿ ಕಡೆ ಮೂರೇ ತಲೆಮಾರು, ತಂದೆ ಕಡೆ ಒಂಬತ್ತು ಅಂತ ಬಂದ್ರೂ ಪರವಾಗಿಲ್ಲ, ಎರಡೂ ಕಡೆ ಪ್ರತಿ ಹೆಸರಿನ ಪಕ್ಕ ಅದು ಎಲ್ಲಿಂದ ಬಂತು ಅನ್ನೋದು ಮಗು ಕೈಯಲ್ಲೇ ಬರೆಸಿ.